ಮನೆಯ ಯಂತ್ರಕ್ಕೊಂದು ಮನೆ

ಹಳೆಯದನ್ನು ಕಾಪಾಡುವ ವಿಷಯದಲ್ಲಿ ನಮ್ಮ ಜನ ಉದಾಸೀನರೆಂದು ಹೇಳುವುದು ವಾಡಿಕೆಯಾಗಿದೆ. ಈ ಮಾತು ಪೂರ್ತಿ ಸತ್ಯವಲ್ಲ. ತಾತನ ಕಾಲದ ಹಿತ್ತಾಳೆಯ ಹಂಡೆಯನ್ನು ಎಷ್ಟು ಬೆಲೆ ಕೊಟ್ಟರೂ ಮಾರಲೊಪ್ಪದ ಮನೆಗಳು ಇನ್ನೂ ಉಂಟು. ಪಾಳುಬಿದ್ದ ಗುಡಿಯ ವಿಗ್ರಹವನ್ನು ಯಾರಾದರೂ ಕದ್ದೊಯ್ದರೆ ಊರಿಗೆ ಊರೇ ಎದ್ದು ನಿಲ್ಲುವುದೂ ಉಂಟು. ಅಕ್ಕರೆಗೇನೂ ನಮ್ಮಲ್ಲಿ ಬರವಿಲ್ಲ, ಬರವಿರುವುದು ವಿವೇಚನೆಗೆ. ಯಾವುದನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕು ಎಂಬುದನ್ನು ನಾವು ವಸ್ತುವನ್ನು ನೋಡಿ ನಿರ್ಣಯಿಸುವುದಿಲ್ಲ. ಅದು ಯಾರ ಮನೆಯಲ್ಲಿತ್ತು ಎಂಬುದನ್ನು ನೋಡಿ ನಿರ್ಣಯಿಸುತ್ತೇವೆ. ಅರಮನೆಯ ಗೋಡೆಯ ಮೇಲೆ ನಿಂತುಹೋದ ಗಡಿಯಾರ ಇತಿಹಾಸವೆನಿಸಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ನಿಂತುಹೋದ ಮಿಕ್ಸಿ ಗುಜರಿಯೆನಿಸಿಕೊಳ್ಳುತ್ತದೆ.

ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟವನ್ನು ಹತ್ತಿ ನಿಂತವರಿಗೆ ಕೆಳಗೆ ಲೋಕಪಾವನಿ ಬಂದು ಕಾವೇರಿಯನ್ನು ಸೇರುವ ತಾಣವೂ, ಹಸಿರು ಬಯಲೂ ಕಾಣುತ್ತವೆ. ಬೆಟ್ಟದಿಂದ ಸ್ವಲ್ಪ ದೂರದಲ್ಲಿಯೇ ಬೆಂಗಳೂರು–ಮೈಸೂರು ರಸ್ತೆ ಹಾದುಹೋಗುತ್ತದೆ. ಈ ಒಂದು ರಸ್ತೆಯುದ್ದಕ್ಕೂ ಹಳೆಯ ವಸ್ತುಗಳಿಗಾಗಿ ಕಟ್ಟಿದ ಮನೆಗಳು ಸಾಲುಗೊಂಡಿವೆಯೆಂಬುದನ್ನು ಬಹಳ ಜನ ಗಮನಿಸಿದಂತಿಲ್ಲ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ನೆಲೆಗೊಳಿಸಿದರು. ಬೀಸುವ ಕಲ್ಲು, ಒರಳು, ಒನಕೆ, ಮೊರ, ಸೇರು, ಪಾವುಗಳಿಗೆ ಅಲ್ಲಿ ಗೌರವದ ಸ್ಥಾನ ದೊರೆಯಿತು. ಇತ್ತ ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ, ಇದೇ ದಾರಿಯಲ್ಲಿ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಆಸಕ್ತಿಯ ಫಲವಾಗಿ ‘ಪಯಣ’ವೆಂಬ ಹಳೆಯ ಮೋಟಾರು ಕಾರುಗಳ ಸಂಗ್ರಹಾಲಯ ಎದ್ದು ನಿಂತಿದೆ. ದಾರಿ ಮುಗಿಯುವ ಮೈಸೂರಿನಲ್ಲಿ 1979ರಿಂದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಮಹಾರಾಣಿಯವರ ಸಲೂನ್ ಬಂಡಿಯನ್ನು ಅಲ್ಲಿ ಕಾಣಬಹುದು.

ಒರಳುಕಲ್ಲಿಗೆ ಒಂದು ಮನೆ, ಕಾರಿಗೆ ಒಂದು ಮನೆ, ರೈಲಿಗೆ ಒಂದು ಮನೆ. ಸಂತೋಷ. ಆದರೆ ಒರಳುಕಲ್ಲನ್ನು ಹಿತ್ತಿಲಿಗೆ ತಳ್ಳಿ ಅದರ ಜಾಗಕ್ಕೆ ಬಂದು ಕುಳಿತ ಯಂತ್ರವೆಲ್ಲಿ? ಸೀಮೆಎಣ್ಣೆಯ ಪಂಪ್ ಸ್ಟೌವ್, ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ, ವಾಲ್ವ್ ರೇಡಿಯೋ, ಇದ್ದಿಲಿನ ಇಸ್ತ್ರಿಪೆಟ್ಟಿಗೆಯ ಬಳಿಕ ಬಂದ ವಿದ್ಯುತ್ ಇಸ್ತ್ರಿ, ಹಿಟ್ಟು ರುಬ್ಬುವ ಗ್ರೈಂಡರ್, ಕೊನೆಗೆ ಧೂಳು ಹೀರುವ ವ್ಯಾಕ್ಯೂಮ್ ಕ್ಲೀನರ್ – ಇವುಗಳಿಗೆಂದೇ ಕಟ್ಟಿದ ಒಂದು ಕೋಣೆಯೂ ಈ ದಾರಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ನಮ್ಮ ತಾಯಂದಿರು ಬಾಳಿದ ಅರ್ಧ ಶತಮಾನವೊಂದು ಕಲ್ಲಿಗೂ ಕಾರಿಗೂ ನಡುವೆ ಜಾರಿ ಬಿದ್ದುಹೋಗಿದೆ. ಈ ತೆರಪನ್ನು ತುಂಬುವುದು ಅಗತ್ಯವೆಂಬುದೂ, ತುಂಬುವ ಸಾಮರ್ಥ್ಯ ನಮ್ಮ ತಾಲ್ಲೂಕುಗಳಲ್ಲಿಯೇ ಉಂಟೆಂಬುದೂ ಈ ಲೇಖನದ ವಾದ.

ಉದಾಹರಣೆಗೆ ಇವುಗಳಲ್ಲೆಲ್ಲ ಹೆಚ್ಚು ನಗೆಪಾಟಲಿಗೀಡಾದ ವ್ಯಾಕ್ಯೂಮ್ ಕ್ಲೀನರನ್ನೇ ತೆಗೆದುಕೊಳ್ಳೋಣ. ಅದರ ಜನನವೃತ್ತಾಂತ ಸ್ವಾರಸ್ಯವಾದದ್ದು. ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬಾತ ಧೂಳನ್ನು ಊದಿ ಹಾರಿಸುವ ಯಂತ್ರವೊಂದನ್ನು ಕಂಡು, ಊದುವುದರ ಬದಲು ಹೀರಿದರೆ ಹೇಗೆ ಎಂದು ಯೋಚಿಸಿದನಂತೆ. ಉಪಾಹಾರಗೃಹವೊಂದರ ಮೆತ್ತನೆಯ ಕುರ್ಚಿಯ ಮೇಲೆ ಕರವಸ್ತ್ರವನ್ನು ಹಾಸಿ, ಬಾಯಿಟ್ಟು ಉಸಿರೆಳೆದು, ಕೆಮ್ಮಿ ಕಂಗಾಲಾಗಿ, ಕರವಸ್ತ್ರದ ಮೇಲೆ ಮೂಡಿದ ಕಪ್ಪು ಕಲೆಯನ್ನು ನೋಡಿ ತನ್ನ ಊಹೆ ನಿಜವೆಂದು ತಿಳಿದುಕೊಂಡನಂತೆ. 1901ರಲ್ಲಿ ಅವನು ನಿರ್ಮಿಸಿದ ಯಂತ್ರ ಕುದುರೆ ಎಳೆಯುವ ಗಾಡಿಯಷ್ಟು ದೊಡ್ಡದು. ಅದನ್ನು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಕೊಳವೆಗಳನ್ನು ಕಿಟಕಿಯ ಮೂಲಕ ಮನೆಯೊಳಕ್ಕೆ ಬಿಡುತ್ತಿದ್ದರು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ರತ್ನಗಂಬಳಿಗಳನ್ನು ಶುಚಿ ಮಾಡಿದುದು ಈ ಯಂತ್ರವೇ.

ಅರಸರ ಗಂಬಳಿಯಿಂದ ಅದನ್ನು ಸಾಮಾನ್ಯರ ಮನೆಗೆ ತಂದವನು ಒಬ್ಬ ಕಸಗುಡಿಸುವ ನೌಕರ. ಅಮೆರಿಕದ ಓಹಾಯೋ ಸಂಸ್ಥಾನದ ಕ್ಯಾಂಟನ್ ನಗರದಲ್ಲಿ ಅಂಗಡಿಯೊಂದರ ನೆಲ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರನಿಗೆ ಉಬ್ಬಸದ ವ್ಯಾಧಿ. ಗುಡಿಸಿದಷ್ಟೂ ಧೂಳು, ಧೂಳೆದ್ದಷ್ಟೂ ಉಬ್ಬಸ. ಬೇಸತ್ತ ಆತ ಒಂದು ಪೆಟ್ಟಿಗೆ, ಒಂದು ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಇಷ್ಟನ್ನು ಜೋಡಿಸಿ ಕೈಯಲ್ಲಿ ತಳ್ಳುವ ಯಂತ್ರವನ್ನು ಸಿದ್ಧಪಡಿಸಿದ. 1908ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಆ ಹಕ್ಕನ್ನು ಕೊಂಡ ಚರ್ಮದ ಸಾಮಾನಿನ ವ್ಯಾಪಾರಿ ಹೂವರನ ಹೆಸರು ಲೋಕಪ್ರಸಿದ್ಧವಾಯಿತು. ಕಸ ಗುಡಿಸಿದವನ ಹೆಸರನ್ನು ಬಲ್ಲವರು ಕಡಿಮೆ. ಹೂವರನ ಬಾಲ್ಯದ ಮನೆಯನ್ನು 1978ರಲ್ಲಿ ಹಳೆಯ ಕ್ಲೀನರುಗಳ ಸಂಗ್ರಹಾಲಯವನ್ನಾಗಿ ತೆರೆದರು. ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಇಂಥ ಯಂತ್ರಗಳನ್ನು ಕೂಡಿಹಾಕಿ, ತಿದ್ದಿ, ಒರಸಿ, ಓಡಿಸಿ ಸಂತೋಷಪಡುವ ಸಂಗ್ರಾಹಕರು ಬಹಳ ಮಂದಿ ಇದ್ದಾರೆ.

ಇದೆಲ್ಲ ಹೊರನಾಡಿನ ಕಥೆ, ನಮಗೇನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವುಂಟು. ಬೂತನ ಯಂತ್ರ ಅಬ್ಬೆಯ ಗಂಬಳಿಯನ್ನು ಹೀರಿದ ವರ್ಷವೇ, ಎಂದರೆ 1902ರಲ್ಲಿಯೇ, ನಮ್ಮ ಕಾವೇರಿ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಕೊಟ್ಟಳು. ಆದರೆ ಆ ವಿದ್ಯುತ್ತು ನೇರವಾಗಿ ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದಿತು. ನದಿಯ ದಂಡೆಯ ಹಳ್ಳಿಗಳ ಅಡುಗೆಮನೆಗೆ ಬೆಳಕು ಬರಲು ಇನ್ನೂ ಹಲವು ದಶಕಗಳು ಹಿಡಿದವು. ಮೊದಲು ಗಣಿ, ಆಮೇಲೆ ಬೀದಿ, ಅದಾದ ಮೇಲೆ ಕಾರ್ಖಾನೆ ಮತ್ತು ಪಂಪ್‌ಸೆಟ್ಟು. ಎಲ್ಲಕ್ಕೂ ಕಡೆಯಲ್ಲಿ ಹೆಂಗಸಿನ ಕೈಯ ಕೆಲಸ. ನಮ್ಮಲ್ಲಿ ವಿದ್ಯುತ್ತು ನಡೆದ ದಾರಿಯ ಕ್ರಮವಿದು. ಈ ಕ್ರಮವನ್ನು ಪುಸ್ತಕದಲ್ಲಿ ಓದಿದರೆ ಮರೆತೀತು. ಶಿವನಸಮುದ್ರದ ಚಿತ್ರದ ಪಕ್ಕದಲ್ಲಿ ಎಂಬತ್ತರ ದಶಕದ ಒಂದು ಕ್ಲೀನರನ್ನು ಇಟ್ಟು ತೋರಿಸಿದರೆ ಮರೆಯುವಂತಿಲ್ಲ.

ಎಂಬತ್ತರ ದಶಕವೆಂದೆ. ಅದಕ್ಕೆ ಮೊದಲು ಹೊರದೇಶದಿಂದ ಬಂದ ಬಂಧುಗಳು ತಂದ ಯಂತ್ರಗಳು ನಗರದ ಕೆಲವು ಶ್ರೀಮಂತರ ಮನೆಗಳಲ್ಲಿದ್ದಿರಬಹುದು. ಮಧ್ಯಮವರ್ಗದ ಮನೆಬಾಗಿಲಿಗೆ ಇದು ಬಂದದ್ದು 1982ರಲ್ಲಿ ಯುರೇಕಾ ಫೋರ್ಬ್ಸ್ ಸಂಸ್ಥೆ ಹುಟ್ಟಿದ ಮೇಲೆ. ಕೊರಳಪಟ್ಟಿ ಕಟ್ಟಿದ ಯುವಕರು ಮನೆಮನೆಯ ಕರೆಗಂಟೆ ಒತ್ತಿ, ಹಾಸಿಗೆಯ ಮೇಲೆ ಯಂತ್ರವನ್ನಾಡಿಸಿ, ಹೊರಬಂದ ಧೂಳನ್ನು ಕಾಗದದ ಮೇಲೆ ಸುರಿದು ತೋರಿಸುವರು. ತನ್ನ ಹಾಸಿಗೆಯಲ್ಲಿ ಇಷ್ಟು ಮಣ್ಣಿತ್ತೆ ಎಂದು ಗೃಹಿಣಿ ನಾಚುವಳು. ನಾಚಿಕೆಯ ಬಲದಿಂದ ವ್ಯಾಪಾರ ಕುದುರುವುದು. ಕಂತಿನ ಮೇಲೆ ಕೊಂಡ ಯಂತ್ರ ನಾಲ್ಕು ಭಾನುವಾರ ಗುಂಯ್‌ಗುಟ್ಟುವುದು. ಐದನೆಯ ಭಾನುವಾರ ಅಟ್ಟವನ್ನೇರುವುದು.

ಅಟ್ಟವನ್ನೇರಿದ್ದೇಕೆ? ಯಂತ್ರದ ದೋಷದಿಂದಲ್ಲ. ಅದು ರತ್ನಗಂಬಳಿಯ ದೇಶದಲ್ಲಿ ಹುಟ್ಟಿದ್ದು. ನಮ್ಮದು ಕಾವಿ ಬಣ್ಣದ ಗಾರೆಯ ನೆಲ, ಕಡಪದ ಕಲ್ಲಿನ ನೆಲ. ಹಂಚಿಕಡ್ಡಿಯ ಪೊರಕೆಯಿಂದ ಗುಡಿಸಿ ಒದ್ದೆಬಟ್ಟೆಯಿಂದ ಒರಸಿದರೆ ಕನ್ನಡಿಯಾಗುವ ನೆಲ. ಇನ್ನೊಂದು ಕಾರಣವನ್ನೂ ಹೇಳಬೇಕು, ಅದು ಅಷ್ಟು ಹಿತವಾದದ್ದಲ್ಲ. ಯಂತ್ರದ ಕಂತಿಗಿಂತ ಮನೆಗೆಲಸದವಳ ತಿಂಗಳ ಸಂಬಳ ಅಗ್ಗವಾಗಿತ್ತು. ಬಗ್ಗಿ ಗುಡಿಸುವ ಒಂದು ಬೆನ್ನು ಅಗ್ಗಕ್ಕೆ ದೊರೆಯುವ ತನಕ ನಿಂತು ತಳ್ಳುವ ಯಂತ್ರವನ್ನು ಯಾರು ಇಳಿಸಿಯಾರು? ಅಮೆರಿಕದ ಇತಿಹಾಸಜ್ಞೆ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಮನೆಯ ಯಂತ್ರಗಳು ಅಲ್ಲಿಯ ಗೃಹಿಣಿಯ ದುಡಿಮೆಯನ್ನು ತಗ್ಗಿಸಲಿಲ್ಲ, ಶುಚಿತ್ವದ ಅಪೇಕ್ಷೆಯನ್ನು ಏರಿಸಿದವು ಎಂದು ವಾದಿಸಿದರು. ನಮ್ಮಲ್ಲಿ ಆದದ್ದು ಬೇರೆ ಬಗೆ: ಯಂತ್ರ ಅಟ್ಟದ ಮೇಲೆ ಕುಳಿತಿತು, ದುಡಿಮೆ ಕೆಳಗೆ ಹಾಗೆಯೇ ಉಳಿಯಿತು. ಅಟ್ಟದ ಮೇಲಿನ ಆ ಪೆಟ್ಟಿಗೆ ನಮ್ಮ ಸಂಸಾರಗಳ ಚರಿತ್ರೆಯಲ್ಲಿ ಒಂದು ಸಾಕ್ಷಿ. ಸಾಕ್ಷಿಯನ್ನು ತೂಕಕ್ಕೆ ಹಾಕುವುದು ಸರಿಯಲ್ಲ.

ವಿಚಿತ್ರವೆಂದರೆ, ಬಳಸದೆ ಬಿಟ್ಟದ್ದೇ ಅದಕ್ಕೆ ರಕ್ಷೆಯೂ ಆಗಿದೆ. ಹೊರನಾಡಿನ ಸಂಗ್ರಾಹಕ ಸವೆದು ಸೋತ ಯಂತ್ರವನ್ನು ಹುಡುಕಿ ತಂದು ಜೀವ ತುಂಬಬೇಕು. ನಮ್ಮ ಯಂತ್ರಗಳೋ, ಕೆಲವು ತಮ್ಮ ರಟ್ಟಿನ ಪೆಟ್ಟಿಗೆಯಲ್ಲಿ, ಬಳಕೆಯ ಸೂಚನೆಯ ಪುಸ್ತಿಕೆಯೊಡನೆ, ಇನ್ನೂ ಹೊಸತರಂತೆ ಮಲಗಿವೆ. ಸಂಗ್ರಹಿಸಬೇಕೆನ್ನುವವರಿಗೆ ಇಂಥ ಕಾಲ ಮತ್ತೆ ಬಾರದು. ಮನೆಗಳನ್ನು ಕೆಡವಿ ಕಟ್ಟುವ ಈ ದಿನಗಳಲ್ಲಿ ಮೊದಲು ಮಾಯವಾಗುವುದೇ ಅಟ್ಟ. ಅಟ್ಟದೊಡನೆ ಅದರ ಮೇಲಿನದೂ ಗುಜರಿಯವನ ಗಾಡಿಗೆ ಬೀಳುತ್ತದೆ. ಅವನನ್ನು ದೂರಿ ಫಲವಿಲ್ಲ. ಅವನು ತಾಮ್ರದ ಬೆಲೆ ಬಲ್ಲ; ಅದರಾಚೆಗಿನ ಬೆಲೆಯನ್ನು ಅವನಿಗೆ ನಾವು ಹೇಳಲಿಲ್ಲ. ಮೋಟಾರಿನ ಸುರುಳಿಯಿಂದ ತಾಮ್ರ ತೆಗೆಯಲು ತಂತಿಯ ಹೊದಿಕೆಯನ್ನು ಬಯಲಿನಲ್ಲಿ ಸುಡುವಾಗ ಏಳುವ ವಿಷದ ಹೊಗೆಯನ್ನು ಉಸಿರಾಡುವವನೂ ಅವನೇ.

ಇನ್ನು ರಕ್ಷಣೆಯ ಮಾತು. ಕಾರಿನಂತೆ ಇದಕ್ಕೆ ದೊಡ್ಡ ಗ್ಯಾರೇಜು ಬೇಡ, ಲಕ್ಷಾಂತರ ರೂಪಾಯಿ ಬೇಡ. ಯಂತ್ರದ ಮರ್ಮ ಸರಳವಾದುದು. ವೇಗವಾಗಿ ತಿರುಗುವ ಮೋಟಾರಿನ ತುದಿಗೆ ಒಂದು ಫ್ಯಾನು. ಅದು ಗಾಳಿಯನ್ನು ಹೊರಕ್ಕೆ ನೂಕಿದಾಗ ಒಳಗಿನ ಒತ್ತಡ ಕುಗ್ಗುತ್ತದೆ. ಆ ಕೊರತೆಯನ್ನು ತುಂಬಲು ಹೊರಗಿನ ಗಾಳಿ ಕೊಳವೆಯ ಬಾಯಿಂದ ನುಗ್ಗುವಾಗ ಧೂಳನ್ನು ಹೊತ್ತು ತರುತ್ತದೆ. ಬಟ್ಟೆಯ ಚೀಲ ಗಾಳಿಯನ್ನು ಬಿಟ್ಟು ಧೂಳನ್ನು ಹಿಡಿದುಕೊಳ್ಳುತ್ತದೆ. ಆದಕಾರಣ ಕೆಡುವ ಸ್ಥಾನಗಳೂ ಎಣಿಕೆಗೆ ಸಿಕ್ಕುವಷ್ಟೇ. ಮೋಟಾರಿಗೆ ವಿದ್ಯುತ್ತನ್ನು ಮುಟ್ಟಿಸುವ ಕಾರ್ಬನ್ ಬ್ರಷ್ಷುಗಳು ಸವೆಯುತ್ತವೆ. ಅವು ಒರಗಿ ನಿಲ್ಲುವ ಕಮ್ಯುಟೇಟರು ಮಸಿ ಹಿಡಿದು ಕಿಡಿ ಹಾರಿಸುತ್ತದೆ. ಬೇರಿಂಗಿನ ಜಿಡ್ಡು ಒಣಗಿ ಯಂತ್ರ ಕಿರುಚುತ್ತದೆ. ಕೊಳವೆ ಬಿರಿದರೆ, ಮುಚ್ಚಳದ ರಬ್ಬರ್ ಸಡಿಲವಾದರೆ, ನಡುವೆ ಗಾಳಿ ಸೋರಿ ಹೀರುವ ಶಕ್ತಿ ಕುಂದುತ್ತದೆ. ನಮ್ಮ ಬೇಸಿಗೆಯ ಸೆಕೆಗೆ ರಬ್ಬರು ಬೇಗ ಗಡುಸಾಗುವುದರಿಂದ ಅದರ ಮೇಲೆ ಹೆಚ್ಚಿನ ಕಣ್ಣಿರಬೇಕು.

ವರ್ಷಗಟ್ಟಲೆ ಮಲಗಿದ್ದ ಯಂತ್ರವನ್ನು ತಂದವರು ಕುತೂಹಲ ತಾಳಲಾರದೆ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಕೂಡದು. ಮೊದಲು ಹಳೆಯ ವಯರಿನ ಹೊದಿಕೆ ಬಿರಿದಿದೆಯೇ ನೋಡಬೇಕು. ಮೋಟಾರನ್ನು ಕೈಯಿಂದ ತಿರುಗಿಸಿ ಅದು ಸಲೀಸಾಗಿ ತಿರುಗುವುದನ್ನು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಮೆಕ್ಯಾನಿಕರು ಮಾಡುವಂತೆ ಸೀರೀಸ್ ಬಲ್ಬಿನ ಮೂಲಕ ವಿದ್ಯುತ್ತನ್ನು ಹಾಯಿಸಬೇಕು. ಒಳಗೆ ಎಲ್ಲಿಯಾದರೂ ತಂತಿಗೆ ತಂತಿ ತಾಗಿದ್ದರೆ ಬಲ್ಬು ಪೂರ್ತಿ ಬೆಳಗಿ ಎಚ್ಚರಿಸುತ್ತದೆ, ಮೋಟಾರು ಸುಡುವುದು ತಪ್ಪುತ್ತದೆ. ಅಮೆರಿಕದಿಂದ ಬಂದ ಯಂತ್ರವಾದರೆ ಅದು ಸುಮಾರು 110 ವೋಲ್ಟಿನದು. ನಮ್ಮ 230 ವೋಲ್ಟನ್ನು ತಗ್ಗಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ಮುಟ್ಟಲೇಬಾರದು. ಹೊಸ ವಯರು ಹಾಕಿದಾಗ ಹಳೆಯದನ್ನು ಎಸೆಯದೆ ಚೀಟಿ ಕಟ್ಟಿ ಇಡುವುದು ಒಳ್ಳೆಯ ಸಂಗ್ರಾಹಕನ ಲಕ್ಷಣ. ಹೊಸ ಬಣ್ಣ ಬಳಿದು ಮಿಂಚಿಸುವುದು ಅಭಿರುಚಿಯಲ್ಲ. ಬಳಸಿದವರ ಕೈಸವೆತವೂ ಚರಿತ್ರೆಯೇ.

ಈ ಕೆಲಸಗಳನ್ನೆಲ್ಲ ಬಲ್ಲವರು ಎಲ್ಲಿದ್ದಾರೆ? ದೂರ ಹೋಗಬೇಕಾಗಿಲ್ಲ. ವ್ಯಾಕ್ಯೂಮ್ ಕ್ಲೀನರಿನ ಒಡಲಲ್ಲಿರುವ ಮೋಟಾರಿನ ಜಾತಿಯೂ ಮಿಕ್ಸಿಯ ಮೋಟಾರಿನ ಜಾತಿಯೂ ಒಂದೇ. ಮಿಕ್ಸಿಯ ಬ್ರಷ್ ಬದಲಾಯಿಸಬಲ್ಲ ಕೈ ಕ್ಲೀನರನ್ನೂ ಬದುಕಿಸಬಲ್ಲುದು. ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಪೇಟೆಬೀದಿಯಲ್ಲಿ ಪಂಪ್‌ಸೆಟ್ಟುಗಳ ಮೋಟಾರು ವೈಂಡಿಂಗ್ ಮಾಡುವ ಅಂಗಡಿಗಳಿಗೆ ಕೊರತೆಯಿಲ್ಲ. ಸುಟ್ಟ ಸುರುಳಿಯನ್ನು ಬಿಚ್ಚಿ, ಸುತ್ತುಗಳನ್ನೆಣಿಸಿ, ಅಷ್ಟೇ ಸುತ್ತುಗಳನ್ನು ಹೊಸ ತಂತಿಯಿಂದ ಸುತ್ತಿ ಕೂರಿಸುವ ಆ ಕಾರ್ಯ, ಲೋಹದ ಎರಕಕ್ಕೆ ಹೆಸರಾದ ನಾಗಮಂಗಲದ ಶಿಲ್ಪಿಗಳ ಕಾರ್ಯದಂತೆಯೇ ಕೈಗೂ ಕಣ್ಣಿಗೂ ಸೇರಿದ ವಿದ್ಯೆ. ಆದರೆ ಎರಕದವನನ್ನು ಕಲಾವಿದನೆನ್ನುತ್ತೇವೆ, ವೈಂಡಿಂಗಿನವನನ್ನು ರಿಪೇರಿಯವನೆನ್ನುತ್ತೇವೆ.

ರಿಪೇರಿಯ ವಿದ್ಯೆ ಎಷ್ಟು ದೊಡ್ಡದನ್ನು ಹಡೆಯಬಲ್ಲುದೆಂಬುದಕ್ಕೆ ಮಿಕ್ಸಿಯೇ ನಿದರ್ಶನ. 1960ರ ದಶಕದಲ್ಲಿ ಮುಂಬಯಿಯ ಎಂಜಿನಿಯರ್ ಸತ್ಯಪ್ರಕಾಶ ಮಾಥುರರ ಮನೆಯಲ್ಲಿ ಹೊರದೇಶದ ಮಿಕ್ಸರೊಂದು ಸುಟ್ಟುಹೋಯಿತು. ಅದಕ್ಕೆ ಇಲ್ಲಿ ರಿಪೇರಿಯ ವ್ಯವಸ್ಥೆಯಿರಲಿಲ್ಲ. ನಮ್ಮ ಅರಿಶಿನ, ಕೊಬ್ಬರಿ, ನೆನೆದ ಬೇಳೆಗಳನ್ನು ಅರೆಯಬಲ್ಲ ಗಟ್ಟಿ ಮೋಟಾರಿನ ಯಂತ್ರವನ್ನು ತಾವೇ ಏಕೆ ಮಾಡಬಾರದೆಂದು ಅವರು ಯೋಚಿಸಿದರು. ಸುಮೀತ್ ಮಿಕ್ಸಿ ಹುಟ್ಟಿದ್ದು ಹಾಗೆ. ಕೆಟ್ಟ ಯಂತ್ರವೊಂದನ್ನು ಬಿಚ್ಚಿ ನೋಡುವ ಛಲವಿಲ್ಲದಿದ್ದರೆ ನಮ್ಮ ಗೃಹಿಣಿಯರು ಇನ್ನೂ ಎಷ್ಟು ಕಾಲ ಒರಳಿನ ಮುಂದೆ ಕೂರಬೇಕಾಗಿತ್ತೋ!

ಈಗ ಬಿಚ್ಚಿ ನೋಡುವುದೇ ಕಷ್ಟವಾಗಿದೆ. ಹೊಸ ಯಂತ್ರಗಳಲ್ಲಿ ಎಷ್ಟೋ ಯಂತ್ರಗಳನ್ನು ಅಂಟಿನಿಂದ ಮುಚ್ಚಿರುತ್ತಾರೆ. ತಾನಾಗಿ ಮನೆಯೆಲ್ಲ ಸುತ್ತಿ ಗುಡಿಸುವ ಯಂತ್ರಮಾನವನಿಗೆ ಬ್ಯಾಟರಿ ಸತ್ತರೆ ಅಥವಾ ಕಂಪನಿಯ ತಂತ್ರಾಂಶ ನಿಂತರೆ ಅದೂ ಸತ್ತಂತೆಯೇ. ರಿಪೇರಿ ಮಾಡಿಸಿಕೊಳ್ಳುವುದು ಬಳಕೆದಾರನ ಹಕ್ಕು ಎಂಬ ಮಾತು ಪಶ್ಚಿಮ ದೇಶಗಳಲ್ಲಿ ಎದ್ದಿತು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ಇದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿತು. ಸಮಿತಿ, ಕಾನೂನು ಎಲ್ಲ ಬೇಕು. ಆದರೆ ತೆರೆಯಬಲ್ಲ ಯಂತ್ರ ಹೇಗಿತ್ತೆಂಬುದನ್ನು ಕಣ್ಣಾರೆ ಕಂಡಿರದ ಪೀಳಿಗೆ ತೆರೆಯಲಾಗದ ಯಂತ್ರದ ವಿರುದ್ಧ ದನಿಯೆತ್ತುವುದು ಹೇಗೆ? ನಾಲ್ಕು ಸ್ಕ್ರೂ ಬಿಚ್ಚಿದರೆ ತನ್ನ ಹೃದಯವನ್ನೇ ತೋರಿಸುವ ಹಳೆಯ ಕ್ಲೀನರು ಈ ಪಾಠಕ್ಕೆ ಅತ್ಯುತ್ತಮವಾದ ಗುರು.

ಇದನ್ನು ಕೇಳಿ ಕೆಲವರು ನಗಬಹುದು. ಮಕ್ಕಳು ಓದುವ ಶಾಲೆಯ ಸೂರು ಸೋರುತ್ತಿರುವಾಗ ಹಳೆಯ ಧೂಳುಯಂತ್ರಕ್ಕೆ ಕೋಣೆ ಕೇಳುವುದೇ ಎನ್ನಬಹುದು. ಶಾಲೆಯ ಸೂರು ಮೊದಲು, ಸಂದೇಹವಿಲ್ಲ. ನಾವು ಕೇಳುವುದು ಹೊಸ ಕಟ್ಟಡವನ್ನಲ್ಲ. ಇವು ಉಳ್ಳವರ ವಸ್ತುಗಳು, ಬಡವರ ಚರಿತ್ರೆಗೆ ಇವುಗಳಿಂದೇನು ಎಂದು ಮತ್ತೆ ಕೆಲವರು ಆಕ್ಷೇಪಿಸಬಹುದು. ಆ ಯಂತ್ರದ ಪಕ್ಕದಲ್ಲಿ ಹಂಚಿಕಡ್ಡಿಯ ಪೊರಕೆಯನ್ನೂ ಇಟ್ಟು, ಎರಡರ ಅಂದಿನ ಬೆಲೆಯನ್ನೂ, ಗುಡಿಸುವವಳ ಅಂದಿನ ಸಂಬಳವನ್ನೂ ಬರೆದು ಹಚ್ಚಿದರೆ ಬಡವರ ಚರಿತ್ರೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಪಾಠ ಬೇರೆ ದೊರೆಯದು. ಹಳೆಯ ಯಂತ್ರ ಸದ್ದು ಹೆಚ್ಚು ಮಾಡುತ್ತದೆ, ವಿದ್ಯುತ್ತನ್ನು ಹೆಚ್ಚು ತಿನ್ನುತ್ತದೆ ಎಂಬುದೂ ನಿಜ. ದಿನವೂ ಅದರಿಂದಲೇ ಗುಡಿಸಿರೆಂದು ಯಾರೂ ಹೇಳುವುದಿಲ್ಲ. ತಿಂಗಳಿಗೊಮ್ಮೆ ಐದು ನಿಮಿಷ ಓಡಿಸಿದರೆ ಸಾಕು. ಓಡದ ಯಂತ್ರ ಬೇಗ ಸಾಯುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮಂಡ್ಯದಲ್ಲಿ 1962ರಲ್ಲಿ ಆರಂಭವಾದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜಿದೆ; ಕೃಷ್ಣರಾಜಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ; ಜಿಲ್ಲೆಯಲ್ಲಿ ಕೈಗಾರಿಕಾ ತರಬೇತಿ ಸಂಸ್ಥೆಗಳೂ ಇವೆ. ಇವುಗಳಲ್ಲಿ ಒಂದು ಸಂಸ್ಥೆ ಒಂದು ಕೋಣೆಯನ್ನು ಬಿಟ್ಟುಕೊಡಲಿ. ಊರಿನವರು ಅಟ್ಟದ ಮೇಲಿನ ಯಂತ್ರಗಳನ್ನು ಅಲ್ಲಿಗೆ ಕೊಡಲಿ. ಪೇಟೆಯ ಮೆಕ್ಯಾನಿಕನನ್ನು ಗೌರವಧನ ಕೊಟ್ಟು ವಾರಕ್ಕೊಮ್ಮೆ ಕರೆಸಲಿ. ವಿದ್ಯಾರ್ಥಿಗಳು ಅವನ ಪಕ್ಕದಲ್ಲಿ ಕುಳಿತು ಬಿಚ್ಚಿ ಜೋಡಿಸುವುದನ್ನು ಕಲಿಯಲಿ. ಪ್ರತಿ ಯಂತ್ರದ ಮುಂದೆ ಒಂದು ಫಲಕವಿರಲಿ: ತಯಾರಾದ ಸ್ಥಳ, ವರ್ಷ, ವೋಲ್ಟೇಜು, ಅಂದಿನ ಬೆಲೆ, ಬದಲಾಯಿಸಿದ ಬಿಡಿಭಾಗಗಳು. ಕಡೆಯ ಸಾಲಿನಲ್ಲಿ, ಅದನ್ನು ಬದುಕಿಸಿದ ಮೆಕ್ಯಾನಿಕನ ಹೆಸರಿರಲಿ. ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ದಾನ ಕೊಟ್ಟವರ ಹೆಸರನ್ನು ಕೆತ್ತುವ ಸಂಪ್ರದಾಯವುಂಟು. ದುರಸ್ತಿ ಮಾಡಿದವನ ಹೆಸರನ್ನು ಬರೆಯುವ ಸಂಪ್ರದಾಯ ಇಲ್ಲಿಂದ ಮೊದಲಾಗಲಿ.

ನಾಗೇಗೌಡರು ಒನಕೆ, ಮೊರಗಳನ್ನು ಕೂಡಿಹಾಕಲು ಹೊರಟಾಗ ಅವು ಇನ್ನೂ ಅಪರೂಪದ ವಸ್ತುಗಳಾಗಿರಲಿಲ್ಲ. ಹಳ್ಳಿಯ ಎಷ್ಟೋ ಹಿತ್ತಿಲುಗಳಲ್ಲಿ ಬಿದ್ದಿದ್ದವು. ಬಿದ್ದಿದ್ದಾಗಲೇ ಎತ್ತಿಟ್ಟುದರಿಂದ ಅವು ಇಂದು ನಮಗೆ ಉಳಿದಿವೆ. ಅಪರೂಪವಾದ ಮೇಲೆ ಹುಡುಕುವುದು ಶ್ರೀಮಂತನ ಹವ್ಯಾಸ. ಧಾರಾಳವಾಗಿದ್ದಾಗಲೇ ಕಾಪಾಡುವುದು ಸಮಾಜದ ಕರ್ತವ್ಯ. ಮನೆಯ ಯಂತ್ರಗಳು ಇಂದು ಅದೇ ಘಟ್ಟದಲ್ಲಿವೆ. ಅವುಗಳನ್ನು ತಿದ್ದಬಲ್ಲ ಕೈಗಳೂ ಇನ್ನೂ ನಮ್ಮ ನಡುವೆ ಇವೆ. ಯಂತ್ರವೊಂದು ಕಳೆದುಹೋದರೆ ಇನ್ನೊಂದು ಎಲ್ಲಿಯಾದರೂ ಸಿಕ್ಕೀತು. ಆ ಕೈಗಳಲ್ಲಿರುವ ವಿದ್ಯೆ ಕಳೆದುಹೋದರೆ ಹುಡುಕಲು ಅಟ್ಟವೂ ಇರುವುದಿಲ್ಲ.